ಕಲಗಚ್ಚಿಗೆ ಬಿದ್ದ ಬಸವನಹುಳು

ನಮ್ಮ ಮನೆಗೆ ಬಸವನಹುಳುಗಳು ಬಂದದ್ದು ದೇವಸ್ಥಾನದಿಂದ. ಹೀಗೆ ಹೇಳಿದರೆ ನನ್ನ ಗಂಡನಿಗೆ ಕೋಪ ಬರುತ್ತದೆ, ಆದರೆ ನಡೆದದ್ದು ಅದೇ. ಅವರ ಕೆಲಸ ಮದ್ದೂರಿನ ಕಡೆಯ ಕರೆಂಟು ಕಂಬ, ಟ್ರಾನ್ಸ್‌ಫಾರ್ಮರುಗಳ ಉಸ್ತುವಾರಿ. ಒಂದು ಸೋಮವಾರ ವೈದ್ಯನಾಥಪುರದಲ್ಲಿ ಕೆಲಸ ಮುಗಿಸಿ, ಗುಡಿಗೆ ಹೋಗಿ ಕೈಮುಗಿದು, ಹಾಗೇ ಹೊಳೆಗೆ ಇಳಿದು ಒಂದು ಹಿಡಿ ನೀರುಗಿಡ ಕಿತ್ತು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದರು. ಅದೇ ಗಿಡವನ್ನು ಮಂಡ್ಯದ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮಾರುತ್ತಾರೆ. "ಪಾಚಿಗೂ ದುಡ್ಡು ಕೊಡೋ ಕಾಲ ಬಂತಾ ನಮ್ಗೆ?" ಎಂದು ಕೇಳಿ, ಗಿಡವನ್ನು ಕೊಳಾಯಿ ಕೆಳಗೆ ಒಂದು ಸಲ ಜಾಲಾಡಿ ಮೀನಿನ ತೊಟ್ಟಿಗೆ ನೆಟ್ಟರು. ಡಬ್ಬಿಯಲ್ಲಿ ಬಂದದ್ದು ಗಿಡ ಮಾತ್ರ ಅಲ್ಲ ಎಂದು ಗೊತ್ತಾಗಲು ಕೆಲವು ವಾರ ಬೇಕಾಯಿತು.

ಆ ಗಾಜಿನ ತೊಟ್ಟಿಯೂ ನಾವು ಕೊಂಡದ್ದಲ್ಲ. ಮಂಡ್ಯದ ಗುತ್ತಲಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ವರ್ಗವಾಗಿ ಹೋಗುವಾಗ, "ಮೇಡಂ, ನೀವು ಸೈನ್ಸ್ ಟೀಚರು, ನೀವೇ ಇಟ್ಕೊಳ್ಳಿ" ಎಂದು ಗಪ್ಪಿ ಮೀನುಗಳ ಸಮೇತ ಬಿಟ್ಟುಹೋದರು. ವಿಜ್ಞಾನ ಪಾಠ ಮಾಡುವವಳಿಗೆ ಮೀನು ಸಾಕಲು ಬರುತ್ತದೆ ಎಂದು ಜನ ಏಕೆ ಅಂದುಕೊಳ್ಳುತ್ತಾರೋ. ಮಳವಳ್ಳಿಯ ಹೈಸ್ಕೂಲಿನಲ್ಲಿ ನಾನು ವರ್ಷಗಟ್ಟಲೆ ಮಕ್ಕಳ ಕೈಯಲ್ಲಿ ಹೃದಯದ ಚಿತ್ರ ಬರೆಸಿದ್ದೇನೆ, ಹಾಗಂತ ಯಾರೂ ನನ್ನನ್ನು ಆಪರೇಷನ್ ಮಾಡು ಎಂದು ಕರೆದಿಲ್ಲ. ಆದರೂ ತೊಟ್ಟಿ ನಡುಮನೆಯಲ್ಲಿ ಟಿವಿಯ ಪಕ್ಕ ಕೂತುಬಿಟ್ಟಿತು. ನಮ್ಮತ್ತೆ ಅದರ ಮುಂದೆ ನಿಂತು ಒಂದು ಗಳಿಗೆ ನೋಡಿದರು. "ಆಲು ಕೊಡಾಕಿಲ್ಲ, ಸಗ್ಣಿ ಆಕಾಕಿಲ್ಲ, ಸುಮ್ಕೆ ಬಾಯಿ ತಕ್ಕಂಡು ತಿರಿಗ್ತವೆ," ಎಂದು ತೀರ್ಪು ಕೊಟ್ಟು ಅಡುಗೆಮನೆಗೆ ಹೋದರು.

ಅತ್ತೆಯ ಪ್ರಪಂಚದಲ್ಲಿ ಸಾಕುವುದು ಎಂದರೆ ಹಸು ಸಾಕುವುದು. ಪೂರಿಗಾಲಿಯಲ್ಲಿದ್ದಾಗ ಅವರ ಕೊಟ್ಟಿಗೆಯಲ್ಲಿ ಯಾವಾಗಲೂ ದನ ಇದ್ದವು. ಮಂಡಿ ನೋವು ಜೋರಾಗಿ ನಮ್ಮ ಜೊತೆ ಮಂಡ್ಯಕ್ಕೆ ಬರುವಾಗ ಉಳಿದ ದನಗಳನ್ನೆಲ್ಲ ನನ್ನ ಮೈದುನನಿಗೆ ಒಪ್ಪಿಸಿದರು. ಇನ್ನೂ ಕರು ಹಾಕದ ಒಂದು ಕೆಂದ ಪಡ್ಡೆಯನ್ನು ಮಾತ್ರ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ. ಅದನ್ನು ಟೆಂಪೋದಲ್ಲಿ ತರಿಸಿ, ನಮ್ಮ ಹಿಂದಿನ ಬೀದಿಯಲ್ಲಿ ಹಾಲು ಕರೆದು ಮಾರುವ ಹೆಂಗಸಿನ ಕೊಟ್ಟಿಗೆಗೆ ಕಟ್ಟಿಸಿದರು. ಹಗ್ಗ ಅವಳ ಕೈಗೆ ಕೊಟ್ಟು, "ಮಾರ್ಬಾರ್ದು, ಒಡೀಬಾರ್ದು" ಎಂದು ಎರಡೇ ಮಾತು ಹೇಳಿದ್ದು ನನಗೆ ನೆನಪಿದೆ. ಅಂದಿನಿಂದ ನಮ್ಮ ಮನೆಯ ಕಲಗಚ್ಚಿನ ಬಕೆಟ್ಟು ಅತ್ತೆಯ ಉಸ್ತುವಾರಿಗೆ ಬಂತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಮುದ್ದೆ, ಹಳಸಿದ ಮಜ್ಜಿಗೆ ಎಲ್ಲ ಅದಕ್ಕೆ ಬೀಳುತ್ತಿತ್ತು. ಸಂಜೆ ಹಾಲಿನವಳು ಬಂದು ಎತ್ತಿಕೊಂಡು ಹೋಗುವವರೆಗೆ ಅದನ್ನು ಯಾರೂ ಅಲ್ಲಾಡಿಸುವ ಹಾಗಿರಲಿಲ್ಲ. ನಾನು ಒಮ್ಮೆ ಅದಕ್ಕೆ ಟೀ ಚರಟ ಸುರಿದು ಬೈಸಿಕೊಂಡಿದ್ದೇನೆ. ಬೆಳಿಗ್ಗೆ ಎದ್ದು ಹಸುವಿಗೆ ಮೇವು ಹಾಕುವ ಭಾಗ್ಯ ತಪ್ಪಿದವರಿಗೆ ಆ ಬಕೆಟ್ಟು ಎಷ್ಟು ದೊಡ್ಡದು ಎಂದು ನನಗೆ ಅರ್ಥವಾಗಲು ಸಮಯ ಹಿಡಿಯಿತು.

ಆ ಕೆಂದ ಹಸು ಹೋದ ಸಲ ಗಬ್ಬವಾಗಿ, ಅರ್ಧದಲ್ಲೇ ಕಂದು ಹಾಕಿತ್ತು. ಆಗ ಅತ್ತೆ ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಿರಲಿಲ್ಲ. ಈ ಸಲ ಮತ್ತೆ ಗಬ್ಬವಾಗಿ ದಿನ ತುಂಬುತ್ತ ಬಂದಿತ್ತು. ಇದೂ ನಿಲ್ಲದಿದ್ದರೆ ಹಾಲಿನವಳು ಹಸುವನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು. ಹಾಲು ಕೊಡದ ಹಸುವಿಗೆ ಎಷ್ಟು ವರ್ಷ ಮೇವು ಹಾಕುತ್ತಾಳೆ ಪಾಪ. ಆದ್ದರಿಂದ ಅತ್ತೆ ಬಕೆಟ್ಟಿಗೆ ಕದ್ದುಮುಚ್ಚಿ ಬೆಲ್ಲವನ್ನೂ ಹಾಕತೊಡಗಿದ್ದರು.

ಇತ್ತ ನನ್ನ ತೊಟ್ಟಿಯಲ್ಲಿ ಒಂದು ಬೆಳಿಗ್ಗೆ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಏನೋ ಹರಿಯುತ್ತಿತ್ತು. ಮಾರನೆಯ ವಾರಕ್ಕೆ ಅಂಥವು ಲೆಕ್ಕ ಸಿಗದಷ್ಟಾದವು. ಎಲೆಗಳ ಕೆಳಗೆ ಅಂಟಿನ ಹಾಗೆ ಪಾರದರ್ಶಕವಾದ ಮೊಟ್ಟೆಯ ಮುದ್ದೆಗಳು ಇದ್ದವು. ಗಂಡನನ್ನು ಕರೆದು ತೋರಿಸಿದೆ. "ಅವೂ ಬದುಕ್ಲಿ ಬುಡೇ, ಸಿವನ ಹತ್ರದಿಂದ ಬಂದವ್ವೆ," ಎಂದರು. ಅವರಿಗೆ ಏನಾದರೂ ಕೆಲಸ ತಪ್ಪಿಸಿಕೊಳ್ಳಬೇಕಾದಾಗ ಮಾತ್ರ ಭಕ್ತಿ ಉಕ್ಕುತ್ತದೆ.

ನಾನು ಶಾಲೆಯ ಲ್ಯಾಬಿನಿಂದ ಭೂತಗನ್ನಡಿ ತಂದು ಕೂತೆ. ಮೃದ್ವಂಗಿಗಳು ಎಂದು ಬೋರ್ಡಿನ ಮೇಲೆ ಅಷ್ಟು ವರ್ಷ ಬರೆದವಳು ಒಂದನ್ನೂ ನೆಟ್ಟಗೆ ನೋಡಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ, ವೀಡಿಯೊ ನೋಡಿ ಕಲಿತದ್ದು ಇಷ್ಟು. ಟಗರಿನ ಕೊಂಬಿನ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡದ್ದು ಒಂದು ಜಾತಿ. ಅದು ಸೋಮಾರಿ, ಕೊಳೆತ ಎಲೆ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ. ಇನ್ನು ಚೂಪು ತುದಿಯವು ಮೋಸಗಾರರು, ಎರಡು ಜಾತಿ ನೋಡಲು ಒಂದೇ ಥರ. ಅವನ್ನು ಪತ್ತೆ ಹಚ್ಚಲು ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಮ್ಮ ಕಡೆಗೆ ಬರುವ ಹಾಗೆ ಹಿಡಿಯಬೇಕು. ಬಾಯಿ ಎಡಕ್ಕಿದ್ದರೆ ಅದು ಸಾಧು, ಸತ್ತ ಎಲೆ ಮಾತ್ರ ತಿನ್ನುತ್ತದೆ. ಬಲಕ್ಕಿದ್ದರೆ ಹಸಿ ಗಿಡಕ್ಕೂ ಬಾಯಿ ಹಾಕುತ್ತದೆ. ಸಾಧುವಿನ ಕೊಂಬು ದಾರದಷ್ಟು ತೆಳು, ಇನ್ನೊಂದರದು ಅಗಲ, ಮುಕ್ಕೋನ. ಉಗುರಿನ ಮೇಲೆ ಕೂರಿಸಿಕೊಂಡು ಒಂದೊಂದೇ ತಿರುಗಿಸಿ ನೋಡುತ್ತಿದ್ದರೆ ಭಾನುವಾರ ಕಳೆದದ್ದೇ ತಿಳಿಯುತ್ತಿರಲಿಲ್ಲ. ಸಿಕ್ಕಿದವೆಲ್ಲ ಎಡಬಾಯಿಯವು, ಇಲ್ಲ ಚಪ್ಪಟೆಯವು.

ನಿಜ ಹೇಳಬೇಕೆಂದರೆ ಅವು ನನಗೆ ಹಿಡಿಸಿಬಿಟ್ಟವು. ಗಾಜಿನ ಪಾಚಿ ನಾನು ಉಜ್ಜುವುದಕ್ಕಿಂತ ಚೆನ್ನಾಗಿ ಉಜ್ಜುತ್ತಿದ್ದವು. ಅವು ಹೆಚ್ಚಿದರೆ ತಪ್ಪು ಅವುಗಳದ್ದಲ್ಲ, ಮೀನಿಗೆ ನಾವು ಹೆಚ್ಚು ಆಹಾರ ಸುರಿಯುತ್ತಿದ್ದೇವೆ ಎಂದರ್ಥ. ಗಂಡ ಬರುವಾಗೊಮ್ಮೆ ಹೋಗುವಾಗೊಮ್ಮೆ ಚಿಟಿಕೆ ಚಿಟಿಕೆ ಹಾಕುತ್ತಿದ್ದರು, ಆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆದರೂ ಮಿತಿಮೀರಿದಾಗ ಒಂದು ತುಂಡು ಸೌತೆಕಾಯಿಯನ್ನು ಬೆಳಿಗ್ಗೆ ತೊಟ್ಟಿಯಲ್ಲಿ ಬಿಟ್ಟು ಹೋದರೆ ಸಂಜೆ ಬರುವ ಹೊತ್ತಿಗೆ ಅದರ ಮೇಲೆ ದಂಡೇ ಸೇರಿರುತ್ತಿತ್ತು. ತುಂಡಿನ ಸಮೇತ ಎತ್ತಿ, ಕತ್ತರಿಸಿದ ನೀರುಗಿಡದ ಜೊತೆ ಒಂದು ಹಳೆಯ ಮಗ್ಗಿನಲ್ಲಿ ಹಾಕಿ ಹಿತ್ತಲ ಬಾಗಿಲಲ್ಲಿ ಇಡುತ್ತಿದ್ದೆ, ಬಿಸಿಲಿಗೆ ಒಣಗಿದ ಮೇಲೆ ಗಿಡದ ಬುಡಕ್ಕೆ ಹಾಕೋಣ ಎಂದು. ಮಗ್ಗು ಮಾರನೆಯ ದಿನ ತೊಳೆದು ಬೋರಲು ಹಾಕಿರುತ್ತಿತ್ತು. ಅತ್ತೆಯೇ ಬುಡಕ್ಕೆ ಹಾಕಿದ್ದಾರೆ ಎಂದುಕೊಂಡಿದ್ದೆ.

ಒಂದು ಶುಕ್ರವಾರ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ಅದೇ ಮಗ್ಗನ್ನು ಕಲಗಚ್ಚಿಗೆ ಬಗ್ಗಿಸುತ್ತಿದ್ದರು. ಸೌತೆಕಾಯಿ, ನೀರುಗಿಡ, ಬಸವನಹುಳು ಎಲ್ಲ ಬೂಸಾ ನೀರಿನೊಳಗೆ ಬಿದ್ದವು.

"ಅತ್ತೆ, ಅದನ್ನ ಯಾಕೆ ಅದ್ರಲ್ಲಿ ಹಾಕ್ತಿದ್ದೀರಿ?"

"ಅಸೀ ಸೊಪ್ಪು ಕಣವ್ವ. ಬ್ಯಾಸಿಗೇಲಿ ಎಲ್ ಸಿಕ್ತದೆ? ಮೀನಿನ್ ನೀರೂವೆ ಒಳ್ಳೆ ಸತ್ವ. ದಿನಾಲೂ ಆಕ್ತೀನಲ್ಲ."

ದಿನಾಲೂ. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತೆ. ನಮ್ಮ ಶಾಲೆಗೆ ಹೋಗುವ ದಾರಿಯಲ್ಲಿ ಪಶು ಆಸ್ಪತ್ರೆಯ ಗೋಡೆಯ ಮೇಲೆ ಒಂದು ಚಿತ್ರ ಇದೆ. ಒಂದು ಕಡೆ ಹಸು, ಇನ್ನೊಂದು ಕಡೆ ಬಸವನಹುಳು, ನಡುವೆ ಕೆಂಪು ಗೆರೆ. ನಾಲೆ ಕೆರೆಗಳ ಬಸವನಹುಳುವಿನಿಂದ ದನಗಳಿಗೆ ಲಿವರಿನ ಚಪ್ಪಟೆ ಹುಳು ಹತ್ತುತ್ತದೆ, ದನ ಸೊರಗುತ್ತದೆ, ಗದ್ದದ ಕೆಳಗೆ ನೀರು ತುಂಬಿಕೊಳ್ಳುತ್ತದೆ. ಆ ಹುಳುವಿನ ಮರಿಗಳು ಬಸವನಹುಳುವಿನಿಂದ ಹೊರಬಂದು ಅಂಟಿಕೊಂಡು ಕೂರುವುದು ನೀರಿನ ಗಿಡಗಳ ಮೇಲೆಯೇ. ನಮ್ಮ ಗಿಡ ಬಂದದ್ದು ದನಗಳ ಮೈ ತೊಳೆಯುವ ಹೊಳೆಯಿಂದ. ಆ ರೋಗ ಹೊರುವುದು ಬಲಬಾಯಿಯ ಜಾತಿ ಎಂದು ಓದಿದ್ದೆ, ಆದರೆ ಮೊದಮೊದಲು ಎತ್ತಿ ಹಾಕಿದ ಹುಳುಗಳ ಬಾಯಿ ಎಡಕ್ಕಿತ್ತೋ ಬಲಕ್ಕಿತ್ತೋ, ಆಗ ಅದು ಯಾರಿಗೆ ಬೇಕಿತ್ತು.

ಇದನ್ನೆಲ್ಲ ನಾನು ಅತ್ತೆಗೆ ಹೇಳಿದೆ. ಹಾಲಿನವಳಿಗೆ ಹೇಳಲೇಬೇಕಾಗಿತ್ತಲ್ಲ, ಮೊದಲು ಇವರಿಗೆ ಗೊತ್ತಾಗಲಿ ಎಂದು. ಅದೂ ಕ್ಲಾಸಿನಲ್ಲಿ ಹೇಳುವ ಹಾಗೆ, ಮೊಟ್ಟೆ, ಮರಿ, ಲಿವರು ಎಂದು ಹಂತ ಹಂತವಾಗಿ. ನನಗೆ ಬೇರೆ ಥರ ಹೇಳಲು ಬರುವುದಿಲ್ಲ. ಅತ್ತೆ ಬಗ್ಗಿ ಬಕೆಟ್ಟನ್ನು ಚರಂಡಿಗೆ ಸುರಿದರು. ಬೆಲ್ಲದ ಉಂಡೆಯೊಂದು ಕರಗದೆ ಉರುಳಿ ಹೋಯಿತು.

"ಗಬ್ಬದ ಅಸ," ಎಂದರು. "ನಾನೇ ಇಕ್ಕಿದೆ." ಅಂದು ಊಟಕ್ಕೆ ಎಲ್ಲರೂ ಕರೆದೆವು. ಹೊಟ್ಟೆ ಸರಿ ಇಲ್ಲ ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಬೆಳಿಗ್ಗೆ ಕಾಫಿ ಲೋಟ ಹಾಗೇ ಆರಿ ಕೆನೆಕಟ್ಟಿತು.

ಶನಿವಾರ ಬೆಳಗಿನ ಶಾಲೆ. ಸಿಕ್ಕಷ್ಟು ಬಸವನಹುಳುಗಳನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿ ಮಳವಳ್ಳಿಯ ಬಸ್ಸು ಹತ್ತಿದೆ. ರಾತ್ರಿಯ ಊಟವನ್ನೂ ಬೆಳಗಿನ ತಿಂಡಿಯನ್ನೂ ನಾನೂ ಬಿಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದವರು ಬಾಟಲಿ ನೋಡಿ, "ಸಾರಿಗಾ?" ಎಂದು ಕೇಳಿದರು. ಡಾಕ್ಟರಿಗೆ ಎಂದೆ. ಅವರು ಕಿಟಕಿಯ ಕಡೆ ಸ್ವಲ್ಪ ಸರಿದು ಕೂತರು.

ಪಶು ವೈದ್ಯರಿಗೆ ಬೆಂಗಳೂರಿನ ಕಡೆಯ ಮಾತು, ನಿಧಾನದ ಮನುಷ್ಯ. ಹುಳುಗಳನ್ನು ಒಂದು ತಟ್ಟೆಗೆ ಸುರಿದು ಬೆಂಕಿಕಡ್ಡಿಯಲ್ಲಿ ಒಂದೊಂದೇ ಮಗುಚಿದರು. ಆಮೇಲೆ ಕೆಲವನ್ನು ಗಾಜಿನ ಲೋಟದ ನೀರಿಗೆ ಹಾಕಿ ಮೇಜಿನ ದೀಪದ ಕೆಳಗೆ ಇಟ್ಟರು. "ಒಳಗೆ ಏನಾದ್ರೂ ಇದ್ರೆ ಬೆಳಕಿಗೆ ಹೊರಗೆ ಈಜಿಕೊಂಡು ಬರುತ್ತೆ ಮೇಡಂ. ಶಾಲೆ ಮುಗಿಸಿಕೊಂಡು ಬನ್ನಿ." ಅಂದು ನಾನು ಏನು ಪಾಠ ಮಾಡಿದೆನೋ ಮಕ್ಕಳಿಗೇ ಗೊತ್ತು.

ಶಾಲೆ ಬಿಟ್ಟ ಕೂಡಲೇ ಆಸ್ಪತ್ರೆಗೆ ಓಡಿದೆ. ಲೋಟದ ನೀರು ತಿಳಿಯಾಗಿತ್ತು. ಅವರು ಅದರ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನನಗೂ ತೋರಿಸಿದರು. ಒಂದಷ್ಟು ಪಾಚಿ ಬಿಟ್ಟರೆ ಏನೂ ಇರಲಿಲ್ಲ.

"ಲಿವರ್ ಹುಳ ಸಾಕೋದು ಬಲಬಾಯಿದು. ನಿಮ್ಮಲ್ಲಿ ಒಂದೂ ಇಲ್ಲ. ಚಪ್ಪಟೆದರಲ್ಲಿ ಬೇರೆ ಹುಳ ಬರುತ್ತೆ, ಆದರೆ ಅದಕ್ಕೂ ಮೊದಲು ದನದ ಸಗಣಿ ಬೇಕು. ಹುಟ್ಟುವಾಗ ಯಾವ ಬಸವನಹುಳುವಿನಲ್ಲೂ ಇರಲ್ಲ. ನಿಮ್ಮ ತೊಟ್ಟಿಗೆ ಹಸು ಇಳಿದಿದೆಯಾ?"

"ಇಲ್ಲ ಸರ್. ಆದ್ರೆ ಹೊಳೆಯಿಂದ ಬಂದ ಮೊದಲನೇವು? ಆ ಗಿಡ?"

"ಹಸುವಿಗೆ ದಿನಾ ಹಾಕೋ ಹುಲ್ಲು ಎಲ್ಲಿಂದ ತರ್ತಾರೆ?"

"ನಾಲೆ ಏರಿಯಿಂದ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮತ್ತೆ? ಅಲ್ಲಿ ಸಾವಿರ ಇರುತ್ತೆ. ಅದಕ್ಕೇ ನಾವು ಮಳೆಗಾಲದ ಮುಂಚೆ, ಆಮೇಲೆ ಔಷಧಿ ಕುಡಿಸೋದು. ಕರು ಹಾಕಿದ ಮೇಲೆ ಸಗಣಿ ಪರೀಕ್ಷೆ ಮಾಡಿಸಲಿ, ಬೇಕಿದ್ದರೆ ಔಷಧಿ ಕೊಡೋಣ. ಮನೆಗೆ ಹೋಗಿ ಊಟ ಮಾಡಿ."

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಬಸ್ಸು ಮದ್ದೂರಿನಲ್ಲಿ ನಿಂತಾಗ ಅತ್ತೆಗೆಂದು ವಡೆ ಕಟ್ಟಿಸಿಕೊಂಡೆ. ದಾರಿಯುದ್ದಕ್ಕೂ ಇದನ್ನು ಅತ್ತೆಗೆ ಹೇಗೆ ಹೇಳಬೇಕೆಂದು ಯೋಚಿಸಿದೆ, ಈ ಸಲ ಪಾಠದ ಹಾಗೆ ಅಲ್ಲದೆ.

ಹೇಳಲು ಅವಕಾಶ ಸಿಗಲಿಲ್ಲ. ಮನೆ ಬಾಗಿಲಲ್ಲಿ ಹಾಲಿನವಳು ನಿಂತಿದ್ದಳು. ಅತ್ತೆ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಹಸು ಬೆಳಗಿನಿಂದ ಮೇವು ಮುಟ್ಟಿಲ್ಲವಂತೆ. ಏಳುತ್ತದಂತೆ, ಮಲಗುತ್ತದಂತೆ, ಒಂದು ಕಡೆ ನಿಲ್ಲುತ್ತಿಲ್ಲವಂತೆ.

"ಡಾಕ್ಟರು ಏನೂ ಇಲ್ಲ ಅಂದ್ರು ಅತ್ತೆ," ಎಂದೆ. "ಲೋಟದಲ್ಲಿಟ್ಟು ನೋಡಿದ್ರು."

"ಲೋಟ್ದಾಗ್ ನೋಡುದ್ರೆ ಅಸೀನ ವಟ್ಟೇಲಿರಾದು ಎಂಗ್ ಕಾಣ್ತದವ್ವ?" ಎಂದು ಅತ್ತೆ ಸಣ್ಣ ದನಿಯಲ್ಲಿ ಕೇಳಿದರು. ಆಮೇಲೆ ಹಾಲಿನವಳ ಕಡೆ ತಿರುಗಿದರು. "ನೋಡವ್ವ, ನಿನ್ ಅಸೀಗೆ ನಾನು ಮೀನಿನ್ ನೀರು, ಬಸವನುಳ, ಪಾಚಿ ಎಲ್ಲಾನೂವೆ ಉಯ್ದಿವ್ನಿ. ನಾನೇ ಕೆಡಿಸ್ಬುಟ್ಟೆ ಕಣೇ."

ಹಾಲಿನವಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೊಡ್ಡವ್ವ, ನಂಗೊತ್ತಿಲ್ವಾ ಅದು? ಪಾಚೀನ ಮೂಸೂ ನೋಡಾಕಿಲ್ಲ ನಿಮ್ಮಸ. ಮ್ಯಾಲಿನ್ ನೀರ ಈರ್ಕಂಡು ಪಾಚಿ, ಉಳ ಎಲ್ಲ ತಳದಾಗೆ ಬುಟ್ಬುಡ್ತದೆ. ನಾನು ಕೋಳೀಗ್ ಸುರೀತಿದ್ದೆ. ಮೊಟ್ಟೆ ಚಿಪ್ಪು ಈಗ ಕಲ್ಲಂಗ್ ಆಗವೆ. ಅದೆಲ್ಲ ಇರ್ಲಿ, ಈಗ ಬಂದು ಒಸಿ ನೋಡಿ ಅಂತ ನಾನ್ ಕರಿಯಾಕ್ ಬಂದ್ರೆ ನೀವ್ ಇಂಗ್ ಮಂಕಾಗಿ ಕುಂತಿದ್ದೀರಿ."

ಅತ್ತೆ ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕೈ ಕೊಟ್ಟೆ, ಎದ್ದರು. ಹಿಂದಿನ ಬೀದಿಗೆ ಮಂಡಿ ಹಿಡಿದುಕೊಂಡು ನಡೆಯಲು ಹೊತ್ತು ಹಿಡಿಯಿತು. ಕೊಟ್ಟಿಗೆಯಲ್ಲಿ ಹಸು ಗೋಡೆಗೆ ಮೈ ತಾಗಿಸಿ ನಿಂತು ಹಿಂದಕ್ಕೆ ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಬಾಗಿಲಲ್ಲಿ ಅತ್ತೆ ಹಿಂಜರಿದರು. ಆಮೇಲೆ ಹತ್ತಿರ ಹೋಗಿ ಮೊದಲು ಗದ್ದದ ಕೆಳಗೆ ಸವರಿದರು, ಊದಿರಲಿಲ್ಲ. ಕೈ ಬೆನ್ನ ಮೇಲೆ ಜಾರಿ ಬಾಲದ ಬುಡಕ್ಕೆ ಬಂತು. ಅಲ್ಲಿ ನಿಂತಿತು. ಎರಡು ಬೆರಳಿಂದ ಆ ಕಡೆ ಈ ಕಡೆ ಒತ್ತಿದರು. ಬಗ್ಗಿ ಕೆಚ್ಚಲು ಮುಟ್ಟಿದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಳ್ಳೆಯದೋ ಕೆಟ್ಟದ್ದೋ ಅದರಲ್ಲೇ ಗೊತ್ತಾಗಬೇಕಿತ್ತು.

"ಬಾಲದ್ ಬುಡ ಅಳ್ಳ ಬಿದ್ದದೆ," ಎಂದರು. "ಕೆಚ್ಚಲು ಬಿಗ್ದದೆ. ಥೂ ನನ್ನ, ಇದು ಕಾಯ್ಲೆ ಅಲ್ಲ ಕಣೇ. ಈಯ್ತಾ ಅದೆ."

ಜನ್ಮವೆಲ್ಲ ದನ ಈಯಿಸಿದ ಹೆಂಗಸು. ಮೇವು ಬಿಡುವುದು, ಎದ್ದು ಎದ್ದು ಮಲಗುವುದು ಕೇಳಿದ ಮಾತ್ರಕ್ಕೆ ತಿಳಿಯಬೇಕಿತ್ತು. ತಾನೇ ವಿಷ ಹಾಕಿದೆನೆಂಬ ಒಂದೇ ಯೋಚನೆ ಅವರಿಗೆ ಗೊತ್ತಿದ್ದದ್ದನ್ನೆಲ್ಲ ಮುಚ್ಚಿಹಾಕಿತ್ತು. ಹಾಲಿನವಳಿಗೂ ಅನುಮಾನ ಇತ್ತಂತೆ, ಆದರೆ ಹೋದ ಸಲದ್ದು ನೆನೆದು ಬಾಯಿಬಿಟ್ಟು ಹೇಳಲು ಭಯವಾಯಿತಂತೆ. ಈಗ ಅತ್ತೆಯ ದನಿ ಬದಲಾಯಿತು. ಒಣಹುಲ್ಲು ಹಾಸು, ಹಗ್ಗ ಸಡಿಲ ಮಾಡು, ಬಿಸಿನೀರು ಇಡು, ನೀನು ಅಲ್ಲಿ ಅಡ್ಡ ನಿಲ್ಲಬೇಡ, ಹೀಗೆ ಎಲ್ಲರಿಗೂ ಒಂದೊಂದು ಕೆಲಸ ಬಿತ್ತು. ಅಡ್ಡ ನಿಲ್ಲಬೇಡ ಎಂದದ್ದು ನನಗೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೊದಲು ಎರಡು ಗೊರಸು ಕಂಡವು, ಆಮೇಲೆ ಮೂತಿ. ಅತ್ತೆ ಕೈ ಹಾಕಲಿಲ್ಲ. ಹಸುವಿನ ಕತ್ತಿನ ಹತ್ತಿರ ಕೂತು ಏನೋ ಹೇಳುತ್ತಿದ್ದರು, ನಮಗೆ ಕೇಳಿಸಲಿಲ್ಲ. ಹೆಣ್ಣುಗರು, ತಾಯಿಯ ಹಾಗೆ ಕೆಂದ. ಹಾಲಿನವಳು ಅದರ ಮೂಗು ಬಾಯಿ ಒರೆಸಿದಳು. ಅದು ತಲೆ ಕೊಡವಿ ಸೀನಿತು. ಹಸು ನೆಕ್ಕಲು ಶುರುಮಾಡಿತು.

ಅತ್ತೆ ಗೋಡೆ ಹಿಡಿದುಕೊಂಡು ಎದ್ದು, ಕೈಕಾಲು ತೊಳೆದು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತರು. ನಾನು ಚೀಲದಿಂದ ವಡೆಯ ಪೊಟ್ಟಣ ತೆಗೆದು ಮುಂದೆ ಹಿಡಿದೆ. ಅದನ್ನು ಪಕ್ಕಕ್ಕೆ ಸರಿಸಿದರು.

"ಮುದ್ದೆ ಇದ್ರೆ ಇಕ್ಕವ್ವ," ಎಂದು ಹಾಲಿನವಳಿಗೆ ಹೇಳಿದರು. "ಒಟ್ಟೆ ಅಸೀತದೆ."

ಅವಳು ತಟ್ಟೆಯಲ್ಲಿ ಮುದ್ದೆ, ಉಪ್ಸಾರು, ಒಂದಿಷ್ಟು ಖಾರ ಹಾಕಿಕೊಂಡು ಬಂದಳು. ಅತ್ತೆ ಕರುವನ್ನೇ ನೋಡುತ್ತ ಮುದ್ದೆ ಮುರಿದು ಮುರಿದು ನುಂಗಿದರು. ನುಂಗುತ್ತಲೇ ಕಣ್ಣಿಂದ ನೀರು ಇಳಿಯಿತು. ಯಾರ ಮುಂದೆಯೂ ಅಳದವರು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಹಾಲಿನವಳು ತಾನೇ ತಾನಾಗಿ ಇನ್ನೊಂದು ಮುದ್ದೆ ತಂದು ಇಟ್ಟಳು. ಅತ್ತೆ ಅದನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ತಟ್ಟೆಯ ಅಂಚಿಗೆ ಸರಿಸಿ ನನ್ನ ಕಡೆ ನೋಡಿದರು.

"ನೀನೂ ನೆನ್ನೆಯಿಂದ ಉಂಡಿಲ್ಲ ಅಂತ ನಂಗೊತ್ತಿಲ್ವಾ? ಕುಂತ್ಕ."

ನಾನು ಅವರ ಪಕ್ಕದಲ್ಲಿ ಕೂತು ಅದೇ ತಟ್ಟೆಯಲ್ಲಿ ಉಂಡೆ.